ಒಂದು ಸ್ಕ್ರೀನ್‌ಶಾಟ್ ಕಳ್ಸಿ, ನೋಡೋಣ

2021ರ ಜೂನ್. ಮೈಸೂರಿನಲ್ಲಿ ಲಾಕ್‌ಡೌನ್. ಬೆಳಿಗ್ಗೆ ಹಾಲು, ತರಕಾರಿ ಅಂತ ಸ್ವಲ್ಪ ಹೊತ್ತು ಬೀದಿಗೆ ಜೀವ ಬರುತ್ತಿತ್ತು. ಆಮೇಲೆ ಇಡೀ ದಿನ ಭಣಭಣ. ಅಂಥ ಒಂದು ವಾರದಲ್ಲಿ ನನ್ನ ಲ್ಯಾಪ್‌ಟಾಪ್ ಕೈಕೊಟ್ಟಿತು. ಆನ್ ಮಾಡಿದರೆ ಕಪ್ಪು ಪರದೆ, ಮೂಲೆಯಲ್ಲಿ ಮಿಣಮಿಣ ಅನ್ನುವ ಒಂದು ಗೀಟು, ಅಷ್ಟೇ. ರಿಪೇರಿ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ನನ್ನದು ಪುಸ್ತಕಗಳಿಗೆ ಪುಟ ಕಟ್ಟುವ, ಕರಡು ತಿದ್ದುವ ಕೆಲಸ. ಪ್ರೆಸ್ಸು ನಿಂತಿತ್ತೇ ಹೊರತು ಕರಡು ನಿಂತಿರಲಿಲ್ಲ.

ಮಹಡಿ ಮನೆಯ ಇಂಜಿನಿಯರಿಂಗ್ ಹುಡುಗ ಮಾಸ್ಕ್ ಹಾಕಿಕೊಂಡು, ಒಂದು ಪೆನ್‌ಡ್ರೈವ್ ಹಿಡಿದು ಬಂದ. ಎರಡು ಗಂಟೆ ಏನೇನೋ ಮಾಡಿದ. ‘ಆಂಟಿ, ನಿಮ್ಮ ಫೈಲೆಲ್ಲ ಸೇಫ್. ಉಬುಂಟು ಹಾಕಿದೀನಿ, 20.04. ಅಭ್ಯಾಸ ಆಗುತ್ತೆ ಬಿಡಿ’ ಅಂದ. ಮಾರನೇ ದಿನವೇ ಯಾರದ್ದೋ ಕಾರಿಗೆ ಪಾಸ್ ಸಿಕ್ಕಿತು ಅಂತ ಊರಿಗೆ ಹೋದ. ನಾನು ಮತ್ತು ಉಬುಂಟು ಇಬ್ಬರೇ ಉಳಿದೆವು.

ವಿಂಡೋಸ್‌ನ ಜಾಗದಲ್ಲಿ ಕೂತು ಕಂಪ್ಯೂಟರ್ ನಡೆಸುವ, ಲಿನಕ್ಸ್ ಬಳಗದ ಒಂದು ವ್ಯವಸ್ಥೆ ಈ ಉಬುಂಟು. ಹದಿನೈದು ವರ್ಷ ವಿಂಡೋಸ್ ಬಳಸಿದವಳು ನಾನು. ಹೊಸ ಪರದೆಯಲ್ಲಿ ಎಡಗಡೆ ಒಂದು ಪಟ್ಟಿ, ಮೇಲೆ ಒಂದು ಪಟ್ಟಿ. ಒಂಥರಾ ಬೇರೆಯವರ ಅಡುಗೆಮನೆಗೆ ಹೋದ ಹಾಗೆ. ಸಕ್ಕರೆ ಇದೆ ಅಂತ ಗೊತ್ತು, ಯಾವ ಡಬ್ಬಿಯಲ್ಲಿದೆ ಅಂತ ಗೊತ್ತಿಲ್ಲ. ಆದರೂ ಹೇಗೋ ನನ್ನ ಫೋಲ್ಡರ್ ಹುಡುಕಿ, ತಿದ್ದಬೇಕಿದ್ದ ಒಂದು ಹಸ್ತಪ್ರತಿ ತೆರೆದೆ. ತೆರೆದರೆ ಕನ್ನಡವೇ ಇಲ್ಲ. ಪುಟದ ತುಂಬ ಇಂಗ್ಲಿಷ್ ಅಕ್ಷರಗಳು. ಅದರಲ್ಲೂ ನೆಟ್ಟಗಿರುವವು ಕಡಿಮೆ. ಕೆಲವಕ್ಕೆ ತಲೆ ಮೇಲೆ ಗೀಟು, ಕೆಲವಕ್ಕೆ ಎರಡು ಚುಕ್ಕೆ, ಕೆಲವಕ್ಕೆ ಬಾಲ.

ಇಂಥ ಹೊತ್ತಲ್ಲಿ ನನಗೊಬ್ಬಳು ಗೆಳತಿ ಇದ್ದಾಳೆ, ಹುಬ್ಬಳ್ಳಿಯಲ್ಲಿ. ಕಂಪ್ಯೂಟರ್ ಅವಳ ಕೈಯಲ್ಲಿ ಬೆಣ್ಣೆ. ಫೋನ್ ಮಾಡಿ ಹೇಳಿದೆ. ‘ಅಕ್ಷರ ಎಲ್ಲಾ ಏನೋ ಆಗಿದೆ ಕಣೇ.’

‘ಏನೋ ಅಂದ್ರ ಏನು? ಒಂದು ಸ್ಕ್ರೀನ್‌ಶಾಟ್ ಕಳಸು, ನೋಡೂಣು.’

ಅಲ್ಲಿಗೆ ಮುಗಿಯಿತು ನನ್ನ ಕಥೆ. ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ ಅಂತಾರಲ್ಲ, ಅದೇ. ಗೊತ್ತಿಲ್ಲದ ಊರಲ್ಲಿ ದಾರಿ ಕೇಳೋಕೆ ಬಾಯಿ ಇದ್ದರೆ ಸಾಕು. ಗೊತ್ತಿಲ್ಲದ ಕಂಪ್ಯೂಟರ್‌ನಲ್ಲಿ ದಾರಿ ಕೇಳೋಕೆ ಮೊದಲು ಒಂದು ಚಿತ್ರ ಬೇಕು. ಆ ಚಿತ್ರ ತೆಗೆಯೋದು ಹೇಗೆ ಅನ್ನೋದೇ ಗೊತ್ತಿರಲ್ಲ. ಬಾಕಿ ಏನು ಬಾರದಿದ್ದರೂ ಇನ್ನೊಬ್ಬರನ್ನು ಕೇಳಬಹುದು. ಕೇಳೋದನ್ನೇ ಕಲಿಯಬೇಕಾಗಿ ಬಂದರೆ ಯಾರನ್ನು ಕೇಳೋದು?

ಮೊದಲು ಸುಲಭದ ದಾರಿ ಹಿಡಿದೆ. ಮೊಬೈಲ್ ತೆಗೆದು ಪರದೆಯ ಫೋಟೋ ಹೊಡೆದು ಕಳಿಸಿದೆ. ಎಲ್ಲರೂ ಮಾಡೋದು ಅದನ್ನೇ ಅಲ್ವಾ. ಬ್ಯಾಂಕಿನ ಕೌಂಟರಿನಲ್ಲಿ ಕೂತವರೂ ಮಾಡುತ್ತಾರೆ, ಇಂಜಿನಿಯರುಗಳೂ ಮಾಡುತ್ತಾರೆ. ಆದರೆ ಆ ಫೋಟೋದಲ್ಲಿ ಅಕ್ಷರಕ್ಕಿಂತ ಜಾಸ್ತಿ ಕಂಡಿದ್ದು ಕಾಮನಬಿಲ್ಲಿನ ಅಲೆಗಳು. ಸೊಳ್ಳೆ ಪರದೆಯ ಎರಡು ಮಡಿಕೆ ಒಂದರ ಮೇಲೊಂದು ಬಿದ್ದಾಗ ಇಲ್ಲದ ಸುಳಿಗಳು ಕಾಣುತ್ತವಲ್ಲ, ಹಾಗೆ. ಕಾರಣವೂ ಹೆಚ್ಚುಕಡಿಮೆ ಅದೇ. ಕಂಪ್ಯೂಟರ್ ಪರದೆಯಲ್ಲಿ ಚುಕ್ಕೆಗಳ ಒಂದು ಬಲೆ. ಕ್ಯಾಮೆರಾದ ಒಳಗೆ ಇನ್ನೊಂದು ಬಲೆ. ಎರಡರ ಕಣ್ಣುಗಳೂ ಸರಿಯಾಗಿ ಹೊಂದುವುದಿಲ್ಲ. ಜೊತೆಗೆ ನನ್ನ ಟ್ಯೂಬ್‌ಲೈಟು, ಕಿಟಕಿ ಸರಳು, ಅರ್ಧ ನೈಟಿ, ಎಲ್ಲವೂ ಗಾಜಿನಲ್ಲಿ.

‘ಇದ್ರಾಗ ನೀ ಕಾಣಾಕತ್ತಿ, ಅಕ್ಷರ ಕಾಣವಲ್ದು’ ಅಂದಳು.

ಸರಿ, ಕೀಬೋರ್ಡಿಗೆ ಬಂದೆ. ಪ್ರಿಂಟ್ ಸ್ಕ್ರೀನ್ ಕೀ ಇದೆಯಲ್ಲ. ಅದು ಕಣ್ಣಿಗೆ ನೆನಪಿಲ್ಲ, ಬೆರಳಿಗೆ ನೆನಪಿದೆ. ವಿಂಡೋಸ್‌ನಲ್ಲಿ ಅದನ್ನು ಒತ್ತುವುದು, ಪೇಂಟ್ ತೆರೆಯುವುದು, ಕಂಟ್ರೋಲ್ ವಿ. ಈ ಮೂರು ಹೆಜ್ಜೆಯನ್ನು ನಾನು ಎಷ್ಟು ಸಾವಿರ ಸಲ ಮಾಡಿದ್ದೇನೋ. ಒತ್ತಿದೆ. ಪರದೆ ಒಮ್ಮೆ ಬೆಳ್ಳಗೆ ಮಿಂಚಿತು. ಕ್ಯಾಮೆರಾದ ಹಾಗೆ ಕ್ಲಿಕ್ ಅಂತ ಸದ್ದೂ ಬಂತು. ಭಲೇ ಅಂದುಕೊಂಡೆ. ವಾಟ್ಸಾಪ್ ವೆಬ್‌ನಲ್ಲಿ ಗೆಳತಿಯ ಹೆಸರು ಒತ್ತಿ ಕಂಟ್ರೋಲ್ ವಿ ಕೊಟ್ಟೆ. ಬಂದಿದ್ದು ಚಿತ್ರ ಅಲ್ಲ. ಅರ್ಧ ಗಂಟೆ ಮುಂಚೆ ನಾನು ಕಾಪಿ ಮಾಡಿದ್ದ ಯಾವುದೋ ಮುನ್ನುಡಿಯ ಒಂದು ಸಾಲು. ಎಂಟರ್ ಬೇರೆ ಒತ್ತಿಬಿಟ್ಟಿದ್ದೆ. ಹುಬ್ಬಳ್ಳಿಯಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಬಂತು.

ಮತ್ತೆ ಒತ್ತಿದೆ. ಮಿಂಚು, ಕ್ಲಿಕ್, ಮತ್ತೆ ಅದೇ ಮುನ್ನುಡಿ. ಮತ್ತೆ ಒತ್ತಿದೆ. ಪೇಂಟ್ ಹುಡುಕಿದೆ. ಪೇಂಟ್ ಎಲ್ಲಿರುತ್ತೆ ಅಲ್ಲಿ? ಇರಲಿಲ್ಲ. ಮತ್ತೆ ಒತ್ತಿದೆ, ಈ ಸಲ ಜೋರಾಗಿ. ಜೋರಾಗಿ ಒತ್ತಿದರೆ ಕೇಳಿಸುತ್ತೆ ಅನ್ನೋ ಹಾಗೆ.

ಸಂಜೆ ಏನೋ ಹುಡುಕುವಾಗ ಪಿಕ್ಚರ್ಸ್ ಫೋಲ್ಡರ್ ತೆರೆದರೆ ಅಲ್ಲಿ ಹದಿನೇಳು ಚಿತ್ರಗಳು ಸಾಲಾಗಿ ಕೂತಿದ್ದವು. ಉಬುಂಟು ನನ್ನ ಮಾತನ್ನು ಮೊದಲ ಸಲವೇ ಕೇಳಿತ್ತು. ಹದಿನೇಳು ಸಲವೂ ಕೇಳಿತ್ತು. ವಿಂಡೋಸ್‌ನಲ್ಲಿ ಆ ಕೀ ಚಿತ್ರವನ್ನು ಕ್ಲಿಪ್‌ಬೋರ್ಡಿಗೆ ಹಾಕುತ್ತಿತ್ತು. ಅಂದರೆ ಅಂಗೈಯಲ್ಲಿ ಹಿಡಿದ ಹಾಗೆ, ಇನ್ನೊಂದು ಹಿಡಿದರೆ ಮೊದಲಿನದು ಬಿತ್ತು. ಇಲ್ಲಿ ಅದು ನೇರ ಫೈಲಾಗಿ ಕಪಾಟಿಗೆ ಸೇರುತ್ತಿತ್ತು. ಕ್ಲಿಪ್‌ಬೋರ್ಡಿಗೆ ಬೇಕಾದರೆ ಕಂಟ್ರೋಲ್ ಸೇರಿಸಿ ಒತ್ತಬೇಕಂತೆ. ಯಾರೂ ಹೇಳಿರಲಿಲ್ಲ. ಯಾಕೆ ಹೇಳುತ್ತಾರೆ, ಮಿಂಚಿತಲ್ಲ, ಕ್ಲಿಕ್ ಅಂತಲ್ಲ!

ಆ ಹದಿನೇಳು ಫೈಲುಗಳ ಹೆಸರು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಪ್ರತಿಯೊಂದರಲ್ಲೂ ತಾರೀಕು, ಗಂಟೆ, ನಿಮಿಷ, ಸೆಕೆಂಡು. 11-42-07. ಆಮೇಲೆ 11-42-31. ಆಮೇಲೆ 11-43-02, 11-43-03, 11-43-04. ಮುಂದೆ ಐದು ನಿಮಿಷ ಖಾಲಿ. ಆಗ ನಾನು ಪೇಂಟ್ ಹುಡುಕುತ್ತಿದ್ದೆ. ಡಾಕ್ಟರ ಹತ್ತಿರ ನಾಡಿ ತೋರಿಸಿದ ಹಾಗಿತ್ತು. ನನ್ನ ಗಾಬರಿ ಎಲ್ಲಿ ಏರಿತು, ಎಲ್ಲಿ ಕೈಚೆಲ್ಲಿದೆ, ಎಲ್ಲ ಅಲ್ಲಿ ದಾಖಲು. ಹನ್ನೆರಡನೇ ಚಿತ್ರದಲ್ಲಿ ಹುಡುಕುವ ಡಬ್ಬಿಯಲ್ಲಿ ಪೇಂಟ್ ಅಂತ ಟೈಪ್ ಮಾಡಿದ್ದೂ ಇದೆ, ಅದೂ ಸ್ಪೆಲಿಂಗ್ ತಪ್ಪು.

ಆ ಕೀ ಹೆಸರಿನ ಬಗ್ಗೆ ಒಂದು ಮಾತು. ಪ್ರಿಂಟ್ ಸ್ಕ್ರೀನ್ ಅಂದರೆ ಪರದೆಯನ್ನು ಪ್ರಿಂಟ್ ಮಾಡು ಅಂತ. ಒಂದು ಕಾಲದಲ್ಲಿ ಅದು ನಿಜವಾಗಿ ಅದನ್ನೇ ಮಾಡುತ್ತಿತ್ತು. 1981ರಲ್ಲಿ ಬಂದ ಐಬಿಎಂ ಪಿಸಿಯ ಕೀಬೋರ್ಡಿನಲ್ಲಿ 83 ಕೀಗಳು. ಅದರಲ್ಲಿ ಇದಕ್ಕೆ ಸ್ವಂತ ಮನೆಯೂ ಇರಲಿಲ್ಲ, ನಕ್ಷತ್ರ ಚಿಹ್ನೆಯ ಕೀಯಲ್ಲಿ ಬಾಡಿಗೆಗಿತ್ತು. ಶಿಫ್ಟ್ ಹಿಡಿದು ಒತ್ತಿದರೆ ಪರದೆಯ ಮೇಲಿದ್ದ ಅಕ್ಷರಗಳು ಸೀದಾ ಪ್ರಿಂಟರಿಗೆ ಹೋಗುತ್ತಿದ್ದವು. ನಾನು ಶಿವಮೊಗ್ಗದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದು 1994ರಲ್ಲಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ದೇವಸ್ಥಾನದ ಹಾಗೆ. ಡಾಸ್ ಕಲಿಸುತ್ತಿದ್ದರು. ಮೂಲೆಯಲ್ಲಿ ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಅಂಚಿನಲ್ಲಿ ತೂತಿರುವ ಉದ್ದದ ಕಾಗದ. ಯಾರಾದರೂ ಸುಮ್ನೆ ಕುತೂಹಲಕ್ಕೆ ಆ ಕೀ ಒತ್ತಿದರೆ ಇಡೀ ಕೋಣೆಗೆ ಕೇಳುವ ಹಾಗೆ ಕಿರ್‌ರ್ ಕಿರ್‌ರ್ ಅಂತ ಶುರು. ‘ಯಾರದು ಕಾಗದ ದಂಡ ಮಾಡ್ತಿರೋದು?’ ಅಂತ ಮೇಷ್ಟ್ರು ಎದ್ದು ಬರುತ್ತಿದ್ದರು. ಅಂದು ಸದ್ದು ಮಾಡಿ ಸಿಕ್ಕಿಬೀಳುತ್ತಿದ್ದೆವು. ಇಂದು ಸದ್ದು ಮಾಡಿದರೂ ಚಿತ್ರ ಎಲ್ಲಿ ಹೋಯಿತು ಅಂತ ಗೊತ್ತಾಗಲ್ಲ.

ಆ ಕೀ ಮೇಲೆ ಸಣ್ಣಕ್ಷರದಲ್ಲಿ ಇನ್ನೊಂದು ಹೆಸರೂ ಇರುತ್ತೆ, ಸಿಸ್ ಆರ್‌ಕ್ಯೂ ಅಂತ. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಲಿನಕ್ಸ್‌ನಲ್ಲಿ ಆಲ್ಟ್ ಜೊತೆ ಅದನ್ನು ಹಿಡಿದು, ಬಿ ಅಕ್ಷರ ಒತ್ತಿದರೆ ಯಂತ್ರ ಹೇಳದೆ ಕೇಳದೆ ರೀಬೂಟ್ ಆಗುತ್ತೆ. ಉಬುಂಟುವಿನಲ್ಲಿ ಅದಕ್ಕೆ ಮೊದಲಿಂದಲೇ ಅನುಮತಿ ಇದೆ. ಪರದೆಯಲ್ಲಿ ತೆರೆದಿರುವ ಬರೀ ಒಂದು ಪ್ರೋಗ್ರಾಮಿನ ಕಿಟಕಿಯ ಚಿತ್ರ ಬೇಕಾದರೂ ಆಲ್ಟ್ ಜೊತೆ ಅದೇ ಕೀ. ಗಾಬರಿಯಲ್ಲಿ ಸಿಕ್ಕಿದ್ದೆಲ್ಲ ಒತ್ತುವವರಿಗೆ ಇದೊಂದು ಗೊತ್ತಿದ್ದರೆ ಒಳ್ಳೆಯದು.

ಅಂತೂ ಹದಿನೇಳರಲ್ಲಿ ಒಂದನ್ನು ಕಳಿಸಿದೆ. ಜೊತೆಗೆ ಆ ಹಸ್ತಪ್ರತಿಯನ್ನೂ ಕಳಿಸಿದೆ. ಹುಬ್ಬಳ್ಳಿಯಿಂದ ಎರಡು ಮೆಸೇಜ್ ಬಂತು. ಮೊದಲನೆಯದು: ‘ಫೈಲ್ ನನಗ ಛಲೋನ ಕಾಣಾಕತ್ತೈತಲ್ಲ.’ ಎರಡನೆಯದು: ‘ಮೊಣಕಾಲಿಗೆ ಏನಾತು?’

ಎರಡನೆಯದರ ಅರ್ಥ ತಿಳಿಯಲು ನನಗೆ ಒಂದು ನಿಮಿಷ ಬೇಕಾಯಿತು. ಆ ಚಿತ್ರದಲ್ಲಿ ಹಸ್ತಪ್ರತಿಯ ಹಿಂದೆ ಬ್ರೌಸರ್ ಇಣುಕುತ್ತಿತ್ತು. ಮೇಲಿನ ಟ್ಯಾಬುಗಳಲ್ಲಿ ಒಂದರಲ್ಲಿ ಮೆಟ್ಟಿಲು ಹತ್ತುವಾಗ ಮೊಣಕಾಲು ನೋವು ಅಂತ ನಾನು ಹುಡುಕಿದ್ದು ಅರ್ಧ ಕಾಣುತ್ತಿತ್ತು. ಮನೆಯವರಿಗೂ ಹೇಳಿರಲಿಲ್ಲ. ಪರದೆಯ ಚಿತ್ರ ತೆಗೆಯೋದು ಅಂದರೆ ಮನೆ ಬಾಗಿಲು ಪೂರ್ತಿ ತೆರೆದ ಹಾಗೆ. ನಾವು ತೋರಿಸೋದು ಹಾಲ್, ಬಂದವರು ನೋಡೋದು ಹಿಂದಿನ ಹಗ್ಗದ ಮೇಲೆ ಒಣಗುತ್ತಿರುವ ಬಟ್ಟೆ. ಕತ್ತರಿಸಿ ಕಳಿಸಬೇಕು ಅಂತ ಅವತ್ತು ಕಲಿತೆ. ಕತ್ತರಿಸಿದರೂ ಪೂರ್ತಿ ನಂಬುವ ಹಾಗಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. 2023ರ ಮಾರ್ಚ್‌ನಲ್ಲಿ ಒಂದು ದೋಷ ಬಯಲಾಯಿತು. ಗೂಗಲ್‌ನ ಪಿಕ್ಸೆಲ್ ಫೋನುಗಳಲ್ಲಿ, ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲಿ ಚಿತ್ರ ಕತ್ತರಿಸಿ ಅದೇ ಫೈಲಿನ ಮೇಲೆ ಉಳಿಸಿದರೆ, ಕತ್ತರಿಸಿ ಬಿಸಾಕಿದ ಭಾಗದ ಚೂರುಗಳು ಫೈಲಿನ ಬಾಲದಲ್ಲಿ ಹಾಗೇ ಉಳಿಯುತ್ತಿದ್ದವು. ಗೊತ್ತಿದ್ದವರು ಹೊರಗೆ ಎಳೆಯಬಹುದಿತ್ತು. ಆಮೇಲೆ ಸರಿಪಡಿಸಿದರು. ಆದರೆ ಅಷ್ಟರೊಳಗೆ ಯಾರು ಯಾರಿಗೆ ಏನೇನು ಕಳಿಸಿದ್ದರೋ.

ಮೊದಲನೆಯ ಮೆಸೇಜಿಗೆ ಬರುತ್ತೇನೆ. ನಿಜವಾದ ವಿಷಯ ಇರೋದು ಅಲ್ಲಿ. ಒಂದೇ ಫೈಲು. ನನಗೆ ಕಸ, ಅವಳಿಗೆ ಕನ್ನಡ. ಯಾರು ಸರಿ? ಇಬ್ಬರೂ ಸರಿ.

ಕಾಗದದ ಮೇಲೆ ಅಚ್ಚಾದ ಅಕ್ಷರ ಹುಬ್ಬಳ್ಳಿಯಲ್ಲೂ ಅದೇ, ಮೈಸೂರಲ್ಲೂ ಅದೇ. ಫೈಲಿನಲ್ಲಿ ಹಾಗಲ್ಲ. ಫೈಲಿನಲ್ಲಿ ಅಕ್ಷರವೇ ಇರಲ್ಲ, ಅಂಕಿಗಳಿರುತ್ತವೆ. ಆ ಅಂಕಿಗೆ ಯಾವ ಆಕಾರ ಬರೆಯಬೇಕು ಅಂತ ನಿರ್ಧಾರ ಮಾಡೋದು ಆಯಾ ಯಂತ್ರದ ಫಾಂಟು. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ನಮ್ಮ ಹಳೇ ಫೈಲುಗಳು ಮಾಡಿದ್ದು ಒಂದು ಜಾಣತನ. ಆಗ ಕಂಪ್ಯೂಟರಿಗೆ ಗೊತ್ತಿದ್ದ ಇಂಗ್ಲಿಷ್, ಯುರೋಪಿನ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದರು. ನುಡಿ ಫಾಂಟ್ ಇದ್ದರೆ ಎಲ್ಲ ಚೆನ್ನ. ಫಾಂಟ್ ಇಲ್ಲದಿದ್ದರೆ ವೇಷ ಕಳಚಿ ಬೀಳುತ್ತೆ. ಕನ್ನಡ ಅನ್ನುವ ಪದವನ್ನೇ ನೋಡಿ. ಅದು ಇಂಗ್ಲಿಷಿನ ಪಿ ಇಂದ ಶುರುವಾಗುತ್ತೆ. ನಂತರ ತಲೆಗೆ ಗೀಟಿರುವ ಎ. ಆಮೇಲೆ ‘ನ’ ಇರಬೇಕಾದ ಜಾಗದಲ್ಲಿ ಬ್ರಿಟಿಷರ ಪೌಂಡ್ ಗುರುತು! ಅದರ ಒತ್ತಕ್ಷರದ ಜಾಗದಲ್ಲಿ ಜರ್ಮನ್ನರ ಒಂದು ಅಕ್ಷರ. ಕೊನೆಗೆ ಕ್ಯೂ, ಮತ್ತೆ ಗೀಟಿನ ಎ. ಕನ್ನಡದ ಡಿಟಿಪಿಯಲ್ಲಿ ಕೆಲಸ ಮಾಡಿದವರಿಗೆ ಈ ಪೌಂಡ್ ಗುರುತು ಮನೆಯ ಬೆಕ್ಕಿನಷ್ಟು ಪರಿಚಯ. ಆದರೆ ನನಗೆ ಅವತ್ತಿನವರೆಗೆ ಅದು ಇಡೀ ಪುಟವಾಗಿ ಎದುರು ನಿಂತಿರಲಿಲ್ಲ. ಹದಿನೈದು ವರ್ಷ ಫಾಂಟು ಜೊತೆಗಿತ್ತಲ್ಲ.

ಹಾಗಾಗಿ ಅವಳಿಗೆ ಫೈಲು ಕಳಿಸಿದರೆ ಪ್ರಯೋಜನ ಇಲ್ಲ. ಆ ಸಾಲನ್ನು ಕಾಪಿ ಮಾಡಿ ಕಳಿಸಿದರೂ ಅವಳ ಯಂತ್ರ ಅದನ್ನು ತನ್ನ ಕಣ್ಣಿನಿಂದಲೇ ಓದುತ್ತೆ. ನನ್ನ ಕಣ್ಣಿಗೆ ಬಿದ್ದದ್ದು ಅವಳ ಕಣ್ಣಿಗೆ ಬೀಳಬೇಕಾದರೆ ಚಿತ್ರ ಬಿಟ್ಟು ಬೇರೆ ದಾರಿಯೇ ಇಲ್ಲ. ಇದು ಇಂಗ್ಲಿಷಿನವರಿಗೆ ಅಷ್ಟಾಗಿ ಗೊತ್ತಿರದ ಕಷ್ಟ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಅಂಕಿ ಕೊಡುವ ಯೂನಿಕೋಡ್ ಬರುವ ಮುಂಚೆ ಕನ್ನಡದ ವೆಬ್‌ಸೈಟುಗಳಲ್ಲಿ ಫಾಂಟ್ ಇಳಿಸಿಕೊಳ್ಳಿ ಅಂತ ಒಂದು ಕೊಂಡಿ ಇರುತ್ತಿತ್ತಲ್ಲ. ಅದಕ್ಕೆ ಬೇಸತ್ತು ಎಷ್ಟೋ ಜನ ಕನ್ನಡವನ್ನು ಚಿತ್ರವಾಗಿಯೇ ಹಾಕುತ್ತಿದ್ದರು. ಆ ಚಾಳಿ ಈಗಲೂ ಹೋಗಿಲ್ಲ. ಮದುವೆಗೆ ಕರೆಯೋದೂ ಚಿತ್ರ, ತಿಥಿಗೆ ಕರೆಯೋದೂ ಚಿತ್ರ. ಅದರೊಳಗಿನ ವಿಳಾಸ ಸಲೀಸಾಗಿ ಕಾಪಿ ಮಾಡೋಕೆ ಬರಲ್ಲ, ಹುಡುಕಿದರೆ ಸಿಗೋದು ಕಷ್ಟ, ಕಣ್ಣು ಕಾಣದವರ ಫೋನು ಸರಿಯಾಗಿ ಓದಿ ಹೇಳುತ್ತೆ ಅನ್ನೋ ಭರವಸೆ ಇಲ್ಲ. ಅದನ್ನು ಕಂಡರೆ ನನಗೆ ರೇಗುತ್ತೆ. ಏನು ತೊಂದರೆ ಅಂತ ತೋರಿಸೋಕೆ ಚಿತ್ರ ಕಳಿಸಿ, ಬೇಡ ಅನ್ನಲ್ಲ. ಛತ್ರದ ವಿಳಾಸ ಟೈಪ್ ಮಾಡೋಕೆ ಏನು ದಾಡಿ?

ಗೆಳತಿಗೆ ಈಗ ಸಂಶಯ ಫಾಂಟಿನ ಮೇಲೆ. ‘ಮೇಲೆ ಫಾಂಟ್ ಹೆಸರಿನ ಪಟ್ಟಿ ಇರ್ತದಲ್ಲ, ಅದನ್ನ ತೆರೆದಿಟ್ಟು ಅದರ ಸ್ಕ್ರೀನ್‌ಶಾಟ್ ತಗಿ’ ಅಂದಳು. ನಾನು ಹಸ್ತಪ್ರತಿ ತೆರೆದಿದ್ದ, ವರ್ಡ್‌ನಂಥ ಲಿಬ್ರೆಆಫೀಸ್‌ನಲ್ಲಿ ಯಂತ್ರದಲ್ಲಿಲ್ಲದ ಫಾಂಟಿನ ಹೆಸರು ಓರೆಯಾಗಿ ಕಾಣುತ್ತೆ. ನುಡಿಯ ಹೆಸರು ಓರೆಯಾಗಿಯೇ ಇತ್ತು. ನನಗೆ ಅದು ಅಲಂಕಾರ ಅನ್ನಿಸಿತ್ತು. ಪಟ್ಟಿ ತೆರೆದೆ. ಮೌಸಿನ ಬಾಣ ಸರಿಯಾಗಿ ಆ ಹೆಸರಿನ ಮೇಲಿಟ್ಟೆ. ಪ್ರಿಂಟ್ ಸ್ಕ್ರೀನ್ ಒತ್ತಿದೆ. ಏನೂ ಇಲ್ಲ. ಮಿಂಚೂ ಇಲ್ಲ, ಕ್ಲಿಕ್ಕೂ ಇಲ್ಲ. ಪಟ್ಟಿ ಮುಚ್ಚಿ ಒತ್ತಿದರೆ ಮಿಂಚುತ್ತೆ. ತೆರೆದು ಒತ್ತಿದರೆ ಮೌನ.

ನನ್ನನ್ನು ಆಟ ಆಡಿಸುತ್ತಿದೆ ಅಂದುಕೊಂಡೆ. ಆಮೇಲೆ ಓದಿದಾಗ ಗೊತ್ತಾಗಿದ್ದು, ಲಿನಕ್ಸ್‌ನಲ್ಲಿ ಪರದೆ, ಕೀಬೋರ್ಡು ನೋಡಿಕೊಳ್ಳುವ ಹಳೇ ಎಕ್ಸ್ ವ್ಯವಸ್ಥೆಯಲ್ಲಿ ಒಂದು ಮೆನು ತೆರೆದುಕೊಂಡರೆ ಅದು ಇಡೀ ಕೀಬೋರ್ಡನ್ನು ತನ್ನ ಮುಷ್ಟಿಯಲ್ಲಿ ಹಿಡಿಯುತ್ತೆ. ಪ್ರಿಂಟ್ ಸ್ಕ್ರೀನ್‌ಗೆ ಕಾದು ಕೂತವನಿಗೆ ಸುದ್ದಿಯೇ ಮುಟ್ಟಲ್ಲ. ಉಬುಂಟು 20.04 ಅದೇ ಎಕ್ಸ್ ಮೇಲೆ ನಡೆಯುತ್ತಿತ್ತು. ಈಗ ಅದರ ಜಾಗಕ್ಕೆ ವೇಲ್ಯಾಂಡ್ ಬಂದಿದೆ. ಅದರ ಸ್ವಭಾವ ಬೇರೆ. ಎಕ್ಸ್‌ನಲ್ಲಿ ಯಾವ ಪ್ರೋಗ್ರಾಮ್ ಬೇಕಾದರೂ ಇಡೀ ಪರದೆಯನ್ನು ಕೇಳದೆ ನೋಡಬಹುದಿತ್ತು. ವೇಲ್ಯಾಂಡ್‌ನಲ್ಲಿ ಪಕ್ಕದ ಮನೆಗೆ ಇಣುಕಬೇಕಾದರೆ ಅನುಮತಿ ಕೇಳಬೇಕು. ನನಗೆ ಅದು ಸರಿ ಅನ್ನಿಸುತ್ತೆ. ಮೊಣಕಾಲಿನ ಪ್ರಕರಣ ಆದಮೇಲೆ ಇನ್ನೂ ಜಾಸ್ತಿ.

ದಾರಿ ಇದ್ದದ್ದು ಸ್ಕ್ರೀನ್‌ಶಾಟ್ ಅನ್ನುವ ಪುಟ್ಟ ಪ್ರೋಗ್ರಾಮಿನಲ್ಲಿ. ಅದರಲ್ಲಿ ಎಷ್ಟು ಸೆಕೆಂಡು ಬಿಟ್ಟು ಚಿತ್ರ ತೆಗೆಯಬೇಕು ಅಂತ ಕೇಳುವ ಒಂದು ಡಬ್ಬಿ ಇತ್ತು. ಐದು ಅಂತ ಕೊಟ್ಟೆ. ನಮ್ಮ ಮನೆಯಲ್ಲಿ ಚಿಕ್ಕಪ್ಪನ ಹತ್ತಿರ ಟೈಮರ್ ಇದ್ದ ಕ್ಯಾಮೆರಾ ಒಂದಿತ್ತು. ಹಬ್ಬದ ದಿನ ಎಲ್ಲರನ್ನೂ ಜಗುಲಿ ಮೇಲೆ ನಿಲ್ಲಿಸಿ, ಕ್ಯಾಮೆರಾವನ್ನು ಸ್ಟೂಲ್ ಮೇಲಿಟ್ಟು, ಗುಂಡಿ ಒತ್ತಿ, ಪಂಚೆ ಎತ್ತಿಕೊಂಡು ಓಡಿ ಬಂದು ತಮ್ಮ ಜಾಗದಲ್ಲಿ ನಿಲ್ಲುತ್ತಿದ್ದರು. ಅರ್ಧ ಫೋಟೋಗಳಲ್ಲಿ ಅವರ ಬೆನ್ನೇ ಇದೆ. ನಾನೂ ಹಾಗೇ ಓಡಿದೆ. ಗುಂಡಿ ಒತ್ತು, ಲಿಬ್ರೆಆಫೀಸಿಗೆ ಹಾರು, ಪಟ್ಟಿ ತೆರೆ, ಬಾಣವನ್ನು ಹೆಸರಿನ ಮೇಲಿಡು, ಉಸಿರು ಹಿಡಿ. ಮೊದಲ ಸಲ ಪಟ್ಟಿ ಅರ್ಧ ತೆರೆದಿತ್ತು. ಎರಡನೇ ಸಲ ಬೇರೆ ಪಟ್ಟಿ ತೆರೆದೆ. ಮೂರನೇ ಸಲ ಕ್ಲಿಕ್!

ಚಿತ್ರ ನೋಡಿದರೆ ಪಟ್ಟಿ ಇದೆ, ಬಾಣ ಇಲ್ಲ. ಅಷ್ಟು ಕಷ್ಟಪಟ್ಟು ತೋರಿಸಿದ್ದ ಬಾಣ. ಸುಮ್ಮನೆ ಚಿತ್ರ ತೆಗೆದರೆ ಬಾಣ ಬರಲ್ಲವಂತೆ, ಅದಕ್ಕೆ ಬೇರೆ ಗುರುತು ಹಾಕಬೇಕಂತೆ. ಸಾಕಾಯಿತು. ಹಾಗೇ ಕಳಿಸಿದೆ. ಅವಳಿಗೆ ಅಷ್ಟೇ ಸಾಕಾಗಿತ್ತು. ಹಳೇ ಫೈಲುಗಳನ್ನು ಯೂನಿಕೋಡಿಗೆ ಬದಲಾಯಿಸುವ ದಾರಿ ಹೇಳಿಕೊಟ್ಟಳು. ಪೌಂಡ್ ಗುರುತುಗಳೆಲ್ಲ ಮತ್ತೆ ‘ನ’ ಆದವು. ಆಮೇಲೂ ಬಾಲಗ್ರಹ ಪೂರ್ತಿ ಬಿಡಲಿಲ್ಲ. ರ‍್ಯಾಂಕ್ ಅಂತ ಇರಬೇಕಾದ್ದು ಎಲ್ಲ ಕಡೆ ರ್ಯಾಂಕ್ ಆಗಿತ್ತು. ರ ಅಕ್ಷರಕ್ಕೆ ಯ ಒತ್ತು ಬೇಕೋ, ಯ ಅಕ್ಷರಕ್ಕೆ ಅರ್ಕಾವತ್ತು ಬೇಕೋ ಅಂತ ಯಂತ್ರಕ್ಕೆ ಹೇಳಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇಡಬೇಕು. ಬದಲಾಯಿಸುವಾಗ ಅದು ಎಲ್ಲೋ ಉದುರಿತ್ತು. ಅದನ್ನೂ ಚಿತ್ರದಲ್ಲೇ ತೋರಿಸಿದೆ. ಅಷ್ಟೊತ್ತಿಗೆ ಕೈ ಪಳಗಿತ್ತು.

ಪಳಗಿದ ಕೈ ಅಂತ ಜಂಬ ಬರುವಷ್ಟರಲ್ಲಿ, ಮುಂದಿನ ವರ್ಷ ಅಕ್ಕನ ಮಗಳ ಮನೆಗೆ ಬೆಂಗಳೂರಿಗೆ ಹೋಗಿದ್ದೆ. ಅವಳದು ಆಪಲ್‌ನ ಮ್ಯಾಕ್. ಒಂದು ಟಿಕೆಟಿನ ಚಿತ್ರ ತೆಗೆದುಕೊಳ್ಳೋಣ ಅಂತ ಕೂತರೆ ಆ ಕೀಬೋರ್ಡಿನಲ್ಲಿ ಪ್ರಿಂಟ್ ಸ್ಕ್ರೀನ್ ಕೀಯೇ ಇಲ್ಲ! ಬೆರಳು ಹೋಗಿ ಬರೀ ಬಯಲಿನಲ್ಲಿ ನಿಂತಿತು. ‘ಕಮಾಂಡ್ ಶಿಫ್ಟ್ 3 ಚಿಕ್ಕಮ್ಮ’ ಅಂತ ಅಡುಗೆಮನೆಯಿಂದಲೇ ಕೂಗಿದಳು. 4 ಒತ್ತಿದರೆ ಬೇಕಾದಷ್ಟೇ ಭಾಗ. 4 ಒತ್ತಿ ಸ್ಪೇಸ್ ತಟ್ಟಿದರೆ ಬಾಣ ಪುಟ್ಟ ಕ್ಯಾಮೆರಾ ಆಗಿ, ಮುಟ್ಟಿದ ಕಿಟಕಿಯ ಚಿತ್ರ ಮಾತ್ರ ಬರುತ್ತೆ, ನೆರಳಿನ ಸಮೇತ. ನೆರಳು ಯಾಕೆ ಬೇಕೋ ಗೊತ್ತಿಲ್ಲ, ಆದರೆ ಚೆಂದ.

3 ಯಾಕೆ, 1 ಯಾಕಲ್ಲ? ಅವಳಿಗೂ ಗೊತ್ತಿರಲಿಲ್ಲ. ನನಗೆ ಇಂಥದ್ದು ಗೊತ್ತಾಗದಿದ್ದರೆ ನಿದ್ದೆ ಬರಲ್ಲ. 1 ಮತ್ತು 2 ಮೊದಲೇ ಬೇರೆಯವರ ಪಾಲಾಗಿದ್ದವು. 1984ರ ಮೊದಲ ಮ್ಯಾಕಿಂಟಾಷ್‌ನಲ್ಲಿ ಫ್ಲಾಪಿ ಹೊರಗೆ ತೆಗೆಯಲು ಗುಂಡಿ ಇರಲಿಲ್ಲ. ಕಮಾಂಡ್ ಶಿಫ್ಟ್ 1 ಒತ್ತಿದರೆ ಒಳಗಿನ ಫ್ಲಾಪಿ, 2 ಒತ್ತಿದರೆ ಹೊರಗೆ ಜೋಡಿಸಿದ ಡ್ರೈವಿನ ಫ್ಲಾಪಿ ಹೊರಬರುತ್ತಿತ್ತು. 3 ಪರದೆಯ ಚಿತ್ರವನ್ನು ಫೈಲಾಗಿ ಉಳಿಸುತ್ತಿತ್ತು, 4 ಪ್ರಿಂಟರಿಗೆ ಕಳಿಸುತ್ತಿತ್ತು. ಫ್ಲಾಪಿ ಹೋಯಿತು, ಡ್ರೈವೂ ಹೋಯಿತು. 3 ಮಾತ್ರ ತನ್ನ ಜಾಗ ಬಿಡದೆ ಕೂತಿದೆ. ಖಾಲಿ ಎದುರು ಸೀಟುಗಳಿದ್ದರೂ ರಿಸರ್ವೇಶನ್ ನಂಬರ್ ಹಿಡಿದು ಕೂತ ಹಿರಿಯರ ಹಾಗೆ.

ಈಗ ಜನ ನನ್ನನ್ನು ಕೇಳುತ್ತಾರೆ. ನಾನೂ ಗೆಳತಿಯ ಹಾಗೇ ಒಂದು ಸ್ಕ್ರೀನ್‌ಶಾಟ್ ಕಳ್ಸಿ ಅನ್ನುತ್ತೇನೆ. ಆ ಮಾತು ಬಾಯಿಗೆ ಎಷ್ಟು ಸಲೀಸಾಗಿ ಬರುತ್ತೆ ಅಂದರೆ, ಎದುರಿಗಿರುವವರಿಗೆ ಅದು ಗೊತ್ತಿರಬೇಕಾಗಿಲ್ಲ ಅನ್ನೋದೇ ಮರೆತುಹೋಗುತ್ತೆ.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯಿಂದ ಸೋದರಮಾವ ಫೋನ್ ಮಾಡಿದರು. ಮಗ ಹೊಸ ಮೊಬೈಲ್ ಕೊಡಿಸಿ ಬೆಂಗಳೂರಿಗೆ ವಾಪಸ್ ಹೋಗಿದ್ದ. ಮಾವ ಅದರಲ್ಲಿ ಏನೋ ಒತ್ತಿದ್ದರು.

‘ಅಕ್ಷರ ಎಲ್ಲಾ ಕೆಟ್ಟೋಗಿದೆ ಮಾರಾಯ್ತಿ.’

‘ಕೆಟ್ಟೋಗಿದೆ ಅಂದ್ರೆ? ಡಬ್ಬಿ ಡಬ್ಬಿ ಕಾಣ್ತಿದೆಯಾ?’

‘ಇಲ್ಲ. ಅಕ್ಷರವೇ. ಆದ್ರೆ ಪ್ರತಿ ಅಕ್ಷರದ ತಲೆ ಮೇಲೂ ಮೇಷ್ಟ್ರು ಸರಿ ಗುರುತು ಹಾಕಿದಂಗೆ ಇದೆ. ಅಲ್ಲಲ್ಲಿ ಓದೋಕೂ ಬರುತ್ತೆ. ಓದಿದ್ರೆ ಅರ್ಥ ಆಗಲ್ಲ.’

ನನ್ನ ತಲೆ ಕೂಡಲೇ ಫಾಂಟಿನ ಕಡೆ ಓಡಿತು. ಓಡದೇ ಇರುತ್ತಾ, ಅಷ್ಟು ಅನುಭವಿಸಿದ್ದೇನೆ. ತಲೆಕಟ್ಟು ತಪ್ಪಾಗಿ ಕೂರುತ್ತಿರಬೇಕು ಅಂದುಕೊಂಡೆ. ಯಾವುದೋ ಥೀಮ್ ಹಾಕಿರಬೇಕು, ಅದರ ಜೊತೆ ಕೆಟ್ಟ ಫಾಂಟ್ ಬಂದಿರಬೇಕು. ಅರ್ಧ ಗಂಟೆ ಮಾವನನ್ನು ಸೆಟ್ಟಿಂಗ್ಸ್‌ನಲ್ಲಿ ಅಲೆಸಿದೆ. ‘ಡಿಸ್‌ಪ್ಲೇ ಅಂತ ಇದೆಯಾ ನೋಡಿ’ ಅಂದರೆ ‘ಇರಬಹುದು, ಓದೋಕೆ ಬಂದ್ರಲ್ವಾ’ ಅನ್ನುವರು. ‘ಎಲ್ಲದರ ಕೊನೆಗೂ ಲು ಲು ಅಂತ ಬರ್ತಿದೆ’ ಅಂದರು ಒಮ್ಮೆ. ನಾನು ಅದನ್ನು ಗಮನಿಸಲಿಲ್ಲ.

ಕೊನೆಗೆ ಅಂದೇಬಿಟ್ಟೆ. ‘ಮಾವ, ಒಂದು ಸ್ಕ್ರೀನ್‌ಶಾಟ್ ಕಳ್ಸಿ ನೋಡೋಣ.’

‘ಅದೆಂಥದು?’

ಪವರ್ ಗುಂಡಿ ಮತ್ತು ಸದ್ದು ಕಡಿಮೆ ಮಾಡುವ ಗುಂಡಿ, ಎರಡನ್ನೂ ಒಟ್ಟಿಗೆ ಒತ್ತಿ ಅಂದೆ. 2011ರ ಆಂಡ್ರಾಯ್ಡ್ 4.0 ಇಂದ ಅದೇ ದಾರಿ ಅಲ್ವಾ. ಹೇಳೋಕೆ ಸುಲಭ. ಒಟ್ಟಿಗೆ ಅಂದರೆ ನಿಜವಾಗಲೂ ಒಟ್ಟಿಗೇ ಆಗಬೇಕು. ಎಪ್ಪತ್ತು ದಾಟಿದ ಬೆರಳಿಗೆ ಅದು ಆಗಲ್ಲ. ಪವರ್ ಮೊದಲಾದರೆ ಪರದೆ ಆರುತ್ತೆ. ಸದ್ದಿನ ಗುಂಡಿ ಮೊದಲಾದರೆ ಸದ್ದು ಇಳಿಯುತ್ತೆ. ಎರಡು ಸಲ ಪರದೆ ಆರಿತು. ನಾಲ್ಕು ಸಲ ಸದ್ದು ಇಳಿಯಿತು. ನನ್ನ ಮಾತು ಕೇಳಿಸುತ್ತಿಲ್ಲ ಅಂದರು. ಮೂರು ಬೆರಳಿಂದ ಪರದೆ ಸವರಿ ಅಂದೆ, ಕೆಲವು ಫೋನಲ್ಲಿ ಹಾಗೂ ಆಗುತ್ತೆ. ‘ಸವರ್ತಾ ಇದೀನಿ, ದನದ ಮೈ ಸವರಿದಂಗೆ. ಏನೂ ಆಗ್ತಿಲ್ಲ’ ಅಂದರು. ಫೋನ್ ಇಟ್ಟೆವು.

ಹತ್ತು ನಿಮಿಷಕ್ಕೆ ಅತ್ತೆಯ ಫೋನಿನಿಂದ ಒಂದು ಫೋಟೋ ಬಂತು. ಮಾವ ತಮ್ಮ ಮೊಬೈಲನ್ನು ಊಟದ ಮೇಜಿನ ಮೇಲಿಟ್ಟು, ಅತ್ತೆಯ ಮೊಬೈಲಿಂದ ಹೊಡೆದಿದ್ದರು. ಓರೆ. ಕಾಮನಬಿಲ್ಲಿನ ಅಲೆಗಳು. ಗಾಜಿನಲ್ಲಿ ಹೆಂಚಿನ ಮಾಡಿಗೆ ಹಾಕಿದ ಬೆಳಕಿನ ಗಾಜು, ಅದರ ಕೆಳಗೆ ಹಣೆ ಮೇಲೆ ಕನ್ನಡಕ ಏರಿಸಿಕೊಂಡ ಮಾವನ ಮುಖ. ಮೊಬೈಲಿನ ಪಕ್ಕ ಒಂದು ಕಣಿಲೆ ಪಲ್ಯದ ಬಟ್ಟಲೂ ಇತ್ತು.

ಅಷ್ಟೆಲ್ಲದರ ನಡುವೆ ಪರದೆಯ ಮೇಲಿನ ಸಾಲು ಸ್ಪಷ್ಟವಾಗಿ ಓದಲು ಬರುತ್ತಿತ್ತು. ಸೆಟ್ಟಿಂಗ್‌ಲು.

ಅಕ್ಷರ ಏನೂ ಕೆಟ್ಟಿರಲಿಲ್ಲ. ಮಾವ ಭಾಷೆ ಆರಿಸುವಾಗ ತೆಲುಗು ಒತ್ತಿದ್ದರು.